ಎನ್ = 3 ಅಂದ್ರೆ ಯಾವ ಮೂರು ಸ್ವಾಮಿ?

ಜರ್ನಲ್ ಕ್ಲಬ್‌ಗೆ (ಸಂಶೋಧನಾ ಪ್ರಬಂಧಗಳನ್ನು ಕೂತು ಚರ್ಚಿಸುವ ಕೂಟ) ಅಂತ ಪೇಪರ್ ಓದೋಕೆ ಕೂತರೆ ನನ್ನ ತಲೆ ಕೆಡುವುದು ಫಿಗರ್ ಲೆಜೆಂಡ್ (ಚಿತ್ರದ ಜೊತೆಗಿನ ವಿವರಣೆ) ಹತ್ತಿರ. ಎಷ್ಟು ಮಾದರಿ ಅಳೆದರು ಅನ್ನೋದಕ್ಕೆ ‘ಎನ್ = 3’ ಅಂತ ಬರೆದು ಕೈತೊಳೆದುಕೊಂಡಿರುತ್ತಾರೆ. ಮೂರು ಏನು? ಬೇರೆ ಬೇರೆ ದಿನ ಬೆಳೆಸಿದ ಜೀವಕೋಶಗಳಾ, ಇಲ್ಲ ಒಂದೇ ಪ್ಲೇಟಿನ ಅಕ್ಕಪಕ್ಕದ ಮೂರು ವೆಲ್‌ಗಳಾ (ಪುಟ್ಟ ಗುಳಿಗಳು)? ಒಂದೇ ಪ್ಲೇಟಿನದಾದರೆ ಪಿಪೆಟ್ ಹಿಡಿದವರ ಕೈ ನಡುಗಲಿಲ್ಲ ಅಂತ ಗೊತ್ತಾಗುತ್ತದೆ, ಅಷ್ಟೇ. ಪ್ರಯೋಗ ಮೂರು ಸಲ ಮಾಡಿದ ಹಾಗಲ್ಲ. ಅದರ ಮೇಲೆ, ಫಲಿತಾಂಶ ಬರೀ ಆಕಸ್ಮಿಕ ಅಲ್ಲ ಅಂತ ವಾದಿಸೋಕೆ ಪಿ ವ್ಯಾಲ್ಯೂ ಬೇರೆ, ಮೂರು ನಕ್ಷತ್ರದ ಸಮೇತ!

ಗ್ರಾಫಿನ ಮೇಲಿನ ಎರರ್ ಬಾರ್ ಗೆರೆ ಎಸ್‌ಡಿಯೋ (ಅಳತೆಗಳು ಎಷ್ಟು ಚದುರಿವೆ ಅನ್ನೋದು) ಎಸ್‌ಇಎಮ್ಮೋ (ಸರಾಸರಿ ಎಷ್ಟು ಅನಿಶ್ಚಿತ ಅನ್ನೋದು), ಅದನ್ನೂ ಹೇಳಲ್ಲ. ಎನ್ 3 ಇದ್ದರೆ ಎಸ್‌ಇಎಂ ಗೆರೆ ಎಸ್‌ಡಿಯ ಶೇ 58ರಷ್ಟೇ ಉದ್ದ. ನೋಡೋಕೆ ಚೆಂದ ಅಲ್ವಾ! ಇದನ್ನೆಲ್ಲ ಲೆಜೆಂಡ್‌ನಲ್ಲೇ ಬರೆಯಿರಿ ಅಂತ ಕಮಿಂಗ್, ಫಿಡ್ಲರ್, ವಾಕ್ಸ್ 2007ರಲ್ಲೇ ಜರ್ನಲ್ ಆಫ್ ಸೆಲ್ ಬಯಾಲಜಿಯಲ್ಲಿ ಹೇಳಿದ್ದಾರೆ. ಕೇಳೋರು ಯಾರು?

ಹೋಗಲಿ, ಪ್ರಯೋಗ ಹೇಗೆ ಮಾಡಿದರು ಅಂತ ಹೇಳುವ ಮೆಥಡ್ಸ್ ಭಾಗ ನೋಡೋಣ ಅಂದ್ರೆ ‘ಹಿಂದೆ ವಿವರಿಸಿದಂತೆ’. ಆ ಹಿಂದಿನ ಪೇಪರ್ ತೆಗೆದರೆ ಅಲ್ಲೂ ‘ಹಿಂದೆ ವಿವರಿಸಿದಂತೆ’. ಅದಕ್ಕೂ ಹಿಂದಿನದು ದುಡ್ಡು ಕೊಟ್ಟರೆ ಮಾತ್ರ ತೆರೆಯುತ್ತದೆ. ನನಗೆ ಬೇಕಿದ್ದದ್ದು ಸುಮ್ನೆ ಒಂದು ಆಂಟಿಬಾಡಿಯ ಕ್ಯಾಟಲಾಗ್ ನಂಬರ್.