ಉಣ್ಣಲಿಲ್ಲ ಅಂತ ರೋಗಿಯನ್ನು ಬೈಯಬೇಡಿ

ಕ್ಯಾನ್ಸರ್ ಆದವರನ್ನು ನೋಡಲು ಬರುವವರು ಈಗ ಹಣ್ಣಿನ ಜೊತೆ ಪ್ರೋಟೀನ್ ಪೌಡರ್ ಡಬ್ಬವನ್ನೂ ತರುತ್ತಾರೆ. ನಮ್ಮ ಚಿಕ್ಕಪ್ಪನಿಗೆ ಹೊಟ್ಟೆಯ ಕ್ಯಾನ್ಸರ್ ಆದಾಗ ಷೋಕೇಸಿನಲ್ಲಿ ಡಬ್ಬಗಳದ್ದೇ ಸಾಲು. ತಂದವರ ಪ್ರೀತಿಯಲ್ಲಿ ಅನುಮಾನವಿಲ್ಲ. ಆದರೆ ಚಿಕ್ಕಪ್ಪನ ತೋಳು, ತೊಡೆ ಕರಗುತ್ತಲೇ ಹೋದವು. ಆಮೇಲೆ ಮಾತು ಶುರುವಾಯಿತು: "ಇಷ್ಟು ದುಡ್ಡು ಕೊಟ್ಟು ತಂದಿದೀವಿ, ಒಂದು ಲೋಟ ಕುಡಿಯೋಕಾಗಲ್ವಾ? ನಿಮಗೇ ಮನಸ್ಸಿಲ್ಲ ಬಿಡಿ." ಅವರು ಏನೂ ಹೇಳದೆ ಗೋಡೆ ಕಡೆ ತಿರುಗಿ ಮಲಗುತ್ತಿದ್ದರು. ಇಂಥ ಮಾತು ಎಷ್ಟೋ ಮನೆಗಳಲ್ಲಿ ನಡೆಯುತ್ತೆ. ಅದು ಅನ್ಯಾಯ.

ಉಪವಾಸ ಬಿದ್ದು ಸೊರಗುವುದೇ ಬೇರೆ, ಇದೇ ಬೇರೆ. ಉಪವಾಸದಲ್ಲಿ ದೇಹ ಕೊಬ್ಬನ್ನು ಖರ್ಚು ಮಾಡಿ ಸ್ನಾಯುವನ್ನು ಆದಷ್ಟು ಉಳಿಸಿಕೊಳ್ಳುತ್ತೆ, ಊಟ ಸಿಕ್ಕರೆ ಚೇತರಿಸಿಕೊಳ್ಳುತ್ತೆ. ಕ್ಯಾನ್ಸರಿನಲ್ಲಿ ಮೈತುಂಬ ಉರಿಯೂತ ಇರುತ್ತೆ. ಐಎಲ್-6, ಟಿಎನ್‌ಎಫ್ ಥರದ ರಾಸಾಯನಿಕಗಳು ದೇಹವನ್ನು ತನ್ನ ಸ್ನಾಯುವನ್ನೇ ಒಡೆಯುವ ಕೆಲಸಕ್ಕೆ ಹಚ್ಚುತ್ತವೆ. ಜಿಡಿಎಫ್-15 ಅನ್ನುವ ಇನ್ನೊಂದು ರಾಸಾಯನಿಕ ಮೆದುಳಿನಲ್ಲಿ ಹಸಿವನ್ನೇ ಅಡಗಿಸುತ್ತೆ. ಹಸಿವೇ ಹುಟ್ಟದವರಿಗೆ ಹಟಮಾರಿ ಅಂದರೆ ಹೇಗೆ? ಹೀಗೆ ಸೊರಗುವುದಕ್ಕೆ ಡಾಕ್ಟರುಗಳು ಕ್ಯಾಕೆಕ್ಸಿಯಾ ಅನ್ನುತ್ತಾರೆ. ಮಾಮೂಲಿ ಪೋಷಣೆಯೊಂದರಿಂದಲೇ ಇದನ್ನು ಪೂರ್ತಿ ಸರಿಮಾಡಲು ಆಗದು ಅಂತ 2011ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಮಾಡಿದ ವ್ಯಾಖ್ಯೆಯಲ್ಲೇ ಇದೆ. 6 ತಿಂಗಳಲ್ಲಿ ಶೇ 5ಕ್ಕಿಂತ ಹೆಚ್ಚು ತೂಕ ಇಳಿದರೆ ಅದು ಕ್ಯಾಕೆಕ್ಸಿಯಾದ ಲಕ್ಷಣ. 60 ಕೆಜಿ ಇದ್ದವರಿಗೆ ಅದು ಬರೀ 3 ಕೆಜಿ. "ಸ್ವಲ್ಪ ಇಳಿದಿದಾರೆ ಅಷ್ಟೇ" ಅಂತ ನಾವು ಸುಮ್ಮನಾಗಿಬಿಡುವಷ್ಟು.

ಪೌಡರ್ ದಂಡ ಅಂತ ನಾನು ಹೇಳುತ್ತಿಲ್ಲ. ಕ್ಯಾನ್ಸರ್ ರೋಗಿಗೆ ದಿನಕ್ಕೆ ಕೆಜಿ ತೂಕಕ್ಕೆ 1ರಿಂದ 1.5 ಗ್ರಾಂ ಪ್ರೋಟೀನ್ ಬೇಕು ಅನ್ನುತ್ತಾರೆ, ಅಂದರೆ 60 ಕೆಜಿಯವರಿಗೆ 60ರಿಂದ 90 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ಲೋಟ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ನಾವು "ಲಘುವಾಗಿರಲಿ" ಅಂತ ಕೊಡುವ ಗಂಜಿ, ತಿಳಿಸಾರು ಅನ್ನದಲ್ಲಿ ಇದು ಎಲ್ಲಿಂದ ಬರಬೇಕು? ಗಂಟಲಿನ ಕ್ಯಾನ್ಸರಿನಿಂದ ನುಂಗಲಾಗದವರಿಗೆ, ಜಠರ ತೆಗೆಸಿಕೊಂಡು ನಾಲ್ಕು ತುತ್ತಿಗೇ ಹೊಟ್ಟೆ ತುಂಬುವವರಿಗೆ ಪೌಡರ್ ನಿಜಕ್ಕೂ ಆಸರೆ. ಡಬ್ಬದ ಹಿಂದೆ ಬರೆದಿರುವುದನ್ನು ಓದಿ ತಗೊಳ್ಳಿ, ಕೆಲವದರಲ್ಲಿ ಪ್ರೋಟೀನಿಗಿಂತ ಸಕ್ಕರೆಯೇ ಜಾಸ್ತಿ. ಕಿಡ್ನಿ ತೊಂದರೆ ಇದ್ದರಂತೂ ಡಾಕ್ಟರನ್ನು ಕೇಳದೆ ಕೊಡಲೇಬೇಡಿ.

ನನಗೆ ಸಿಟ್ಟಿರುವುದು ಬೇರೆ ವಿಷಯಕ್ಕೆ. ಚಿಕ್ಕಪ್ಪನನ್ನು ತೋರಿಸುತ್ತಿದ್ದ ಆಸ್ಪತ್ರೆಯಲ್ಲಿ ಪ್ರತಿ ಕೀಮೋಗೂ ತೂಕ ನೋಡುತ್ತಿದ್ದರು, ಡೋಸ್ ಲೆಕ್ಕ ಹಾಕಲು. ಇಳಿಯುತ್ತಿದೆ ಅಂತ ಮಾತ್ರ ಯಾರೂ ಬಾಯಿಬಿಡಲಿಲ್ಲ. ಕೊನೆಗೆ ಒಬ್ಬರು ಡಯಟೀಷಿಯನ್ ಸಿಕ್ಕರು, ಪುಣ್ಯಾತ್ಗಿತ್ತಿ. ಅವರು ಮೊದಲು ಕೇಳಿದ್ದು ಏನು ತಿಂತೀರಿ ಅಂತಲ್ಲ. ಬಾಯಲ್ಲಿ ಹುಣ್ಣಿದೆಯಾ, ಕಬ್ಬಿಣ ಚೀಪಿದ ಹಾಗೆ ರುಚಿ ಬರುತ್ತಾ, ಹೊಟ್ಟೆ ಕಟ್ಟಿದೆಯಾ? ಮೂರೂ ಇದ್ದವು! ಬಾಯಿ ಹುಣ್ಣಿಗೆ ಔಷಧ ಬಿದ್ದ ಮೇಲೆ ಮೊಸರು, ಅರೆದ ಹೆಸರುಬೇಳೆ ಪಾಯಸ ಗಂಟಲಲ್ಲಿ ಇಳಿಯತೊಡಗಿತು. ದಿನಾ ಕುರ್ಚಿಯಿಂದ ಎದ್ದು ಕೂರುವ ವ್ಯಾಯಾಮವನ್ನೂ ಹೇಳಿಕೊಟ್ಟರು. ಕೆಲಸವಿಲ್ಲದ ಸ್ನಾಯು ಬರೀ ಪೌಡರಿನಿಂದ ಬೆಳೆಯುವುದಿಲ್ಲ.

ಔಷಧದಲ್ಲೂ ದಾರಿಗಳಿವೆ. ಪುದುಚೇರಿಯ ಜಿಪ್ಮರ್ ಆಸ್ಪತ್ರೆಯವರು ಹೊಟ್ಟೆ, ಪಿತ್ತಕೋಶ, ಶ್ವಾಸಕೋಶ ಮುಂತಾದ ಕ್ಯಾನ್ಸರಿಗೆ ಕೀಮೋ ಪಡೆಯುತ್ತಿದ್ದ 124 ಜನರ ಮೇಲೆ ನಡೆಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ದಿನಕ್ಕೆ 2.5 ಮಿಲಿಗ್ರಾಂ ಓಲಾಂಜಪೈನ್ ತೆಗೆದುಕೊಂಡವರಲ್ಲಿ ಶೇ 60ರಷ್ಟು ಮಂದಿಯ ತೂಕ 12 ವಾರದಲ್ಲಿ ಶೇ 5ಕ್ಕಿಂತ ಹೆಚ್ಚಾಯಿತು. ಔಷಧವಿಲ್ಲದ ಬರೀ ಮಾತ್ರೆ ನುಂಗಿದವರಲ್ಲಿ ಅದು ಶೇ 9 ಮಾತ್ರ. ಇದು ಮಾನಸಿಕ ಕಾಯಿಲೆಗೆ ಕೊಡುವ ಹಳೆಯ ಔಷಧ, ದುಬಾರಿಯೂ ಅಲ್ಲ. ನಿದ್ದೆ ತರಿಸುತ್ತೆ, ಎಲ್ಲರಿಗೂ ಹೊಂದುವುದಿಲ್ಲ, ಹಾಗಾಗಿ ಡಾಕ್ಟರು ಬರೆದುಕೊಟ್ಟರೆ ಮಾತ್ರ. ಆದರೆ ಕೇಳುವುದಕ್ಕೆ ಏನಡ್ಡಿ?

ನಿಮ್ಮವರ ಫೈಲಿನಲ್ಲಿ ಪ್ರತಿ ಸಲದ ತೂಕ ಬರೆದಿರುತ್ತೆ. ಮುಂದಿನ ಸಲ ಹೋದಾಗ ಮೊದಲ ದಿನದ ತೂಕ, ಇವತ್ತಿನ ತೂಕ ಎರಡನ್ನೂ ಡಾಕ್ಟರಿಗೆ ತೋರಿಸಿ, ಡಯಟೀಷಿಯನ್ ಹತ್ತಿರ ಕಳಿಸಿಕೊಡಿ ಅಂತ ಕೇಳಿ. ಅವರಾಗೇ ಹೇಳಲಿ ಅಂತ ಕಾಯಬೇಡಿ.