ಸಾಲಿ ಬಂದ್, ಮಾಸ್ತರ ಆರಾಮ್

ನಮ್ಮ ಕಡೆ ಕಟ್ಟೆಗೆ ಕೂತವರಿಗೆ ತೀರ್ಪು ಕೊಡಲು ಎರಡು ನಿಮಿಷ ಸಾಕು. 2020ರ ಮಾರ್ಚ್‌ನಲ್ಲಿ ಶಾಲೆಗೆ ಬೀಗ ಬಿತ್ತು. ಲಾಕ್‌ಡೌನ್ ಆಗಿ ಕಟ್ಟೆ ಖಾಲಿಯಾಗುವ ಮೊದಲೇ ತೀರ್ಪೂ ಬಂತು. ‘ಈ ಮಾಸ್ತರಗೋಳ್ದು ಚಲೋ ಐತಿ ನೋಡ್ರಿ. ಮನ್ಯಾಗ ಕುಂತು ಪಗಾರ.’ ಹುಬ್ಬಳ್ಳಿಯ ದುರ್ಗದಬೈಲಿನಿಂದ ಹಿಡಿದು ಮುಂಡರಗಿ ಕಡೆಯ ಹಳ್ಳಿಗಳವರೆಗೆ ಈ ವಿಷಯದಲ್ಲಿ ಎರಡು ಮಾತಿರಲಿಲ್ಲ. ಕಟ್ಟೆಗೆ ಎದುರಾಡುವಷ್ಟು ಧೈರ್ಯ ನನಗೂ ಇಲ್ಲ. ಅದಕ್ಕೇ ಮಾಸ್ತರು ಎಷ್ಟು ಆರಾಮಾಗಿದ್ದರು ಅಂತ ಸಾಕ್ಷಿ ಕೂಡಿಸಲು ಹೊರಟೆ.

ಸಾಕ್ಷಿಗೇನೂ ಕೊರತೆ ಬೀಳಲಿಲ್ಲ. ಬೇರೆ ಊರಿಂದ ಬಂದವರ ಪಟ್ಟಿ ಮಾಡಲು ಮನೆಮನೆ ತಿರುಗಿದ್ದು ಮಾಸ್ತರು. ಚೆಕ್‌ಪೋಸ್ಟಿನ ಬಿಸಿಲಿಗೆ ನಿಂತಿದ್ದು ಮಾಸ್ತರು. ಬಿಸಿಯೂಟ ನಿಂತಿದ್ದಕ್ಕೆ ಅದರ ಅಕ್ಕಿ, ಬೇಳೆಯನ್ನು ತೂಗಿ ಮಕ್ಕಳ ಮನೆಯವರಿಗೆ ಕೊಟ್ಟಿದ್ದೂ ಅವರೇ. ಜೂನ್ 25ರಿಂದ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಯಿತಲ್ಲ, ರಾಜ್ಯದಲ್ಲಿ 8 ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ? ಬೆಂಚಿನಿಂದ ಬೆಂಚಿಗೆ ಅಂತರ ಅಳೆದವರು ಯಾರು ಅಂತ ಬೇರೆ ಹೇಳಬೇಕಾ? ಇಷ್ಟೆಲ್ಲ ಮನೆಯಲ್ಲಿ ಕೂತೇ ಮಾಡಿದರು ಅನ್ನೋದು ದೊಡ್ಡ ಸೋಜಿಗ.

ಆಗಸ್ಟ್‌ನಲ್ಲಿ ಸರ್ಕಾರದ ವಿದ್ಯಾಗಮ ಯೋಜನೆ ಬಂತು. ಮಕ್ಕಳು ಶಾಲೆಗೆ ಬರುವಂತಿಲ್ಲ, ಮಾಸ್ತರೇ ಓಣಿಗೆ ಹೋಗಬೇಕು. ಗುಡಿ, ಸಮುದಾಯ ಭವನ, ಬೇವಿನ ಗಿಡದ ನೆರಳು, ಎಲ್ಲಿ ಜಾಗ ಸಿಕ್ಕರೆ ಅಲ್ಲಿ ಪಾಠ. ಯೋಚನೆ ಕೆಟ್ಟದೇನಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಮೊದಲು ಮಕ್ಕಳನ್ನು ಮೂರು ಗುಂಪು ಮಾಡಬೇಕಿತ್ತು. ಇಂಟರ್‌ನೆಟ್ ಇರುವ ಫೋನಿನವರು, ಬರೀ ಮಾತಾಡುವ ಫೋನಿನವರು, ಏನೂ ಇಲ್ಲದವರು. ಬೆಂಗಳೂರಿನ ಮೇಜಿನ ಮೇಲೆ ಇದು ಚೆಂದ ಕಾಣುತ್ತೆ. ಕುಂದಗೋಳ ಕಡೆಯ ಅಕ್ಕೋರೊಬ್ಬರಿಗೆ, ಅಂದ್ರೆ ಶಿಕ್ಷಕಿಗೆ, ಈ ಪಟ್ಟಿ ತುಂಬುವುದರಲ್ಲೇ ತಲೆ ಕೆಟ್ಟು ಹೋಯಿತು.

ಯಾಕಂದ್ರೆ ಫೋನು ಹುಡುಗನದಲ್ಲ, ಅಪ್ಪನದು. ಅಪ್ಪ ಬೆಳಗ್ಗೆ ಫೋನು ಕಿಸೆಗೆ ಹಾಕಿಕೊಂಡು ಹೆಸರುಕಾಯಿ ಬಿಡಿಸಲು ಹೊಲಕ್ಕೆ ಹೋದ ಅಂದ್ರೆ ಹುಡುಗ ಮೂರನೇ ಗುಂಪು. ಸಂಜೆ ಅಪ್ಪ ಮನೆಗೆ ಬಂದರೆ ಮೊದಲನೇ ಗುಂಪು. ಡೇಟಾ ಪ್ಯಾಕ್ ಮುಗಿದಿದ್ದರೆ ಎರಡನೇ ಗುಂಪು. ಕರೆಂಟು ಹೋಗಿ ಚಾರ್ಜ್ ಇಲ್ಲದಿದ್ದರೆ ಮತ್ತೆ ಮೂರಕ್ಕೇ ವಾಪಸ್. ಒಂದೇ ದಿನ ಮೂರೂ ಗುಂಪು ಸುತ್ತಿ ಬರುವ ಹುಡುಗನನ್ನು ಯಾವ ಕಾಲಂಗೆ ಹಾಕೋದು ಅಂತ ಮೇಲಿನವರನ್ನು ಕೇಳಿದರು. ‘ಯಾವುದಾದರೂ ಒಂದಕ್ಕೆ ಹಾಕ್ರಿ, ಟೋಟಲ್ ಮಾತ್ರ ತಾಳೆ ಆಗಬೇಕು’ ಅಂತ ಉತ್ತರ ಬಂತು.

ಹೀಗಾಗಿ ಅಕ್ಕೋರ ನಿಜವಾದ ಶಾಲೆ ಶುರುವಾಗುತ್ತಿದ್ದದ್ದು ರಾತ್ರಿ ಒಂಬತ್ತಕ್ಕೆ. ಅಪ್ಪಂದಿರು ಉಂಡು ಫೋನು ಕೆಳಗಿಟ್ಟ ಮೇಲೆ. ‘ಅಕ್ಕೋರ, ಲೆಕ್ಕ ಕಳಿಸೇನ್ರಿ’ ಅಂತ ಒಂದೊಂದೇ ಫೋಟೊ ಬರುತ್ತಿತ್ತು. ಒಂದು ತಲೆಕೆಳಗು, ಒಂದು ಅಡ್ಡ. ಒಂದರಲ್ಲಿ ಅರ್ಧ ನೋಟ್‌ಬುಕ್, ಅರ್ಧ ರೊಟ್ಟಿ ಬುಟ್ಟಿ. ಅಕ್ಕೋರು ಫೋನನ್ನು ತಿರುಗಿಸಿ, ಫೋಟೊ ದೊಡ್ಡದು ಮಾಡಿ, ಪರದೆ ಮೇಲೆ ಬೆರಳಲ್ಲೇ ಕೆಂಪು ಗೆರೆ ಎಳೆದು ತಿದ್ದುತ್ತಿದ್ದರು. ಅದು ಸಾಲದೆ ಫೋನಿನಲ್ಲೇ ಭಾಗಾಕಾರ ಹೇಳಿಕೊಡಬೇಕಿತ್ತು. ನಡುವೆ ಅದೇ ಗುಂಪಿಗೆ ಯಾರದೋ ಮಾವನ ಶುಭರಾತ್ರಿ, ಮೇಲೊಂದು ಸಂದೇಶ: ‘ಎಮ್ಮಿ ಮಾರೋದೈತಿ.’

ಇದ್ಯಾವುದೂ ಕೆಲಸ ಅಂತ ಲೆಕ್ಕಕ್ಕೆ ಬರಲಿಲ್ಲ. ಕೆಲಸ ಅಂದ್ರೆ ಫೋಟೊ. ಮಕ್ಕಳು ದೂರ ದೂರ ಕೂತ ಫೋಟೊ, ಕೈ ತೊಳೆಯುವ ಫೋಟೊ, ಮಾಸ್ಕ್ ಹಾಕಿದ ಫೋಟೊ. ಮಾಸ್ಕ್ ತರದ ಹುಡುಗನನ್ನು ಎರಡು ನಿಮಿಷ ಗಿಡದ ಹಿಂದೆ ನಿಲ್ಲಿಸಿದರೆ ಕೋವಿಡ್ ನಿಯಮ ಪೂರ್ತಿ ಪಾಲನೆಯಾದಂತೆ. ದಿನಾಂಕ, ಜಾಗ ಎಲ್ಲ ಫೋಟೊದಲ್ಲೇ ಮೂಡಿ ಬರಬೇಕು. ಭಾಗಾಕಾರದಲ್ಲಿ ಶೇಷ ಯಾಕೆ ಉಳಿಯುತ್ತೆ ಅಂತ ಹುಡುಗನಿಗೆ ರಾತ್ರಿ ಹತ್ತಕ್ಕೆ ಫಕ್ಕನೆ ಹೊಳೆಯಿತು ಅನ್ನಿ. ಅದರ ಫೋಟೊ ಎಲ್ಲಿಂದ ತರ್ತೀರಿ?

ಅಕ್ಟೋಬರ್‌ನಲ್ಲಿ ವಿದ್ಯಾಗಮ ನಿಂತಿತು. ಮಕ್ಕಳಿಗೂ ಶಿಕ್ಷಕರಿಗೂ ಸೋಂಕು ತಗುಲುತ್ತಿದೆ ಅಂದರು, ಒಪ್ಪೋಣ. ಡಿಸೆಂಬರ್ 22 ಮತ್ತು 27ಕ್ಕೆ ಗ್ರಾಮ ಪಂಚಾಯಿತಿ ಚುನಾವಣೆ ಬಂತು. ಮತಗಟ್ಟೆ ಎಲ್ಲಿ? ಅದೇ ಶಾಲೆಯ ಕೋಣೆ. ಪೆಟ್ಟಿಗೆ ಕಾಯಲು ಯಾರು? ಅದೇ ಮಾಸ್ತರು. ಈ ವೈರಾಣು ಬಹಳ ತಿಳಿವಳಿಕೆಯದು. ಗುಣಾಕಾರ ಕಲಿಯಲು ಬಂದವರನ್ನು ಹಿಡಿಯುತ್ತೆ, ಬೆರಳಿಗೆ ಶಾಯಿ ಹಚ್ಚಿಸಿಕೊಳ್ಳಲು ಬಂದವರಿಗೆ ದಾರಿ ಬಿಡುತ್ತೆ. ಮುಂದಿನ ವರ್ಷವೂ ಅದು ಇದೇ ಶಿಸ್ತು ಪಾಲಿಸಿತು. ಹುಬ್ಬಳ್ಳಿ-ಧಾರವಾಡ ಪಾಲಿಕೆಗೆ 2021ರ ಸೆಪ್ಟೆಂಬರ್ 3ಕ್ಕೆ ಮತದಾನ, 6ಕ್ಕೆ ಎಣಿಕೆ. 6ರಿಂದ 8ನೇ ತರಗತಿಯ ಮಕ್ಕಳಿಗೆ ಶಾಲೆ ಬಾಗಿಲು ಮತ್ತೆ ತೆರೆದದ್ದೂ ಅದೇ 6ಕ್ಕೆ. ಒಂದರಿಂದ ಐದನೇ ತರಗತಿಯವರು ಅಕ್ಟೋಬರ್ 25ರವರೆಗೆ ಕಾದರು. ಅವರಿಗೆ ಓಟಿಲ್ಲ ನೋಡಿ.

ಇಂಥ ಡ್ಯೂಟಿಗಳಲ್ಲಿ ಸೋಂಕು ತಗುಲಿ ತೀರಿಕೊಂಡ ಶಿಕ್ಷಕರಿದ್ದಾರೆ. ಅವರ ವಿಷಯದಲ್ಲಿ ನನಗೆ ತಮಾಷೆ ಬರಲ್ಲ.

ಅನುದಾನ ಇಲ್ಲದ ಖಾಸಗಿ ಶಾಲೆಯವರದು ಇನ್ನೂ ಜಾಸ್ತಿ ಆರಾಮ. ಎಷ್ಟೋ ಜನರಿಗೆ ಪಗಾರ ಎಣಿಸುವ ತ್ರಾಸೂ ಇರಲಿಲ್ಲ. ಕೆಲವರು ತರಕಾರಿ ಮಾರಿದರು, ಕೆಲವರು ನರೇಗಾ ಕೆಲಸಕ್ಕೆ ಹೋದರು. ಎರಡನೇ ಅಲೆಯಲ್ಲಿ ಸರ್ಕಾರ ತಲಾ 5 ಸಾವಿರ ರೂಪಾಯಿ ಘೋಷಿಸಿತು. ವರ್ಷಕ್ಕೂ ಮೀರಿದ ಸಂಕಟಕ್ಕೆ ಒಂದೇ ಕಂತು, ಲೆಕ್ಕ ಚುಕ್ತಾ.

2021ರ ಎಸ್ಸೆಸ್ಸೆಲ್ಸಿ ಎರಡೇ ದಿನದಲ್ಲಿ ಮುಗಿಯಿತು, ಜುಲೈ 19 ಮತ್ತು 22. ಸರಿ ಉತ್ತರದ ಗುಂಡಿಗೆ ಪೆನ್ನಿಂದ ಕಪ್ಪು ತುಂಬುವ ಪರೀಕ್ಷೆ. ಇಡೀ ರಾಜ್ಯದಲ್ಲಿ ಒಬ್ಬರ ಹೊರತು ಎಲ್ಲರೂ ಪಾಸು. ಆ ಒಬ್ಬರೂ ತಾವು ಬರೆದು ಫೇಲಾದವರಲ್ಲ, ಬೇರೆಯವರಿಂದ ಬರೆಸಿ ಸಿಕ್ಕಿಬಿದ್ದವರು. ಕಟ್ಟೆ ಮತ್ತೆ ತುಂಬಿತ್ತು, ತೀರ್ಪೂ ತಯಾರಿತ್ತು. ‘ಮಾಸ್ತರ ಇಲ್ಲದನ ಎಲ್ಲಾರೂ ಪಾಸ್ ಆದ್ರಲ್ರಿ!’

ಅತ್ತ ಕುಂದಗೋಳ ಕಡೆಯ ಅಕ್ಕೋರ ಫೋನು ಯಾವತ್ತೋ ತುಂಬಿ ಹೋಗಿತ್ತು. ಜಾಗ ಮಾಡಲು ತಂಗಿಯ ಮದುವೆ ಫೋಟೊ ಅಳಿಸಿದರು, ಗೋಕರ್ಣಕ್ಕೆ ಹೋದದ್ದನ್ನೂ ಅಳಿಸಿದರು. ಕೈ ತೊಳೆಯುವ ಫೋಟೊ ಒಂದನ್ನೂ ಮುಟ್ಟಲಿಲ್ಲ. ನಾಳೆ ಯಾರಾದರೂ ಕೇಳಿದರೆ? ಕೊನೆಗೂ ಒಂದು ದಿನ, ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿ ಸಾಹೇಬರ ಫೋನ್ ಬಂತು.

‘ಅಕ್ಕೋರ, ವಿದ್ಯಾಗಮದ ಫೋಟೊ ಎಲ್ಲಾ ಇನ್ನೊಮ್ಮೆ ಕಳಿಸ್ರಿ. ನನ್ನ ಮೊಬೈಲ್‌ನಾಗ ಜಾಗ ಇರಲಿಲ್ಲ, ಅಳಿಸಿಬಿಟ್ಟೆ.’