ಕಾಂಕ್ರೀಟ್ ಕಟ್ಟೆಗೆ ಹುಣಸೆಹುಳಿ ಆಗಿಬರಲ್ಲ

ಸಿಂಕ್ ಸಮೇತ ಕಾಂಕ್ರೀಟ್ ಅಡುಗೆ ಕಟ್ಟೆಯನ್ನು ಮನೆಯಲ್ಲೇ ಎರಕ ಹೊಯ್ಯುವ ವಿಧಾನ ಚೆನ್ನಾಗಿ ಬರೆದಿದ್ದೀರಿ. ಆದರೆ ಮೂರೇ ದಿನಕ್ಕೆ ಬಳಸಬಹುದು ಅಂದಿರಲ್ಲ, ಅದನ್ನು ಒಪ್ಪುವುದಿಲ್ಲ. ಅಚ್ಚು ಬಿಚ್ಚಿದ ಮೇಲೂ ಕನಿಷ್ಠ 7 ದಿನ ಒದ್ದೆ ಗೋಣಿಚೀಲ ಹೊದಿಸಿಡಬೇಕು. ಕಾಂಕ್ರೀಟಿಗೆ ಪೂರ್ತಿ ಬಲ ಬರಲು ಮೇಸ್ತ್ರಿಗಳು 28 ದಿನದ ಲೆಕ್ಕ ಹೇಳುವುದು ಸುಮ್ನೆ ಅಲ್ಲ.

ತೂಕದ ಬಗ್ಗೆ ಒಂದು ಮಾತೂ ಇಲ್ಲ. 5 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ಚದರ ಮೀಟರಿಗೆ ಸುಮಾರು 120 ಕೆಜಿ ತೂಗುತ್ತದೆ, ಕೆಳಗಿನ ಪ್ಲೈವುಡ್ ಕಪಾಟು ಅದನ್ನು ಹೊರಬೇಕು ಅಲ್ವಾ? ಸಿಂಕಿನ ಮುಂದೆ ಹಿಂದೆ ಉಳಿಯುವ ಪಟ್ಟಿ ಸಣ್ಣದು, ಬಿರುಕು ಬಿಡುವುದು ಜಾಸ್ತಿ ಅಲ್ಲೇ, ಹಾಗಾಗಿ ಅಲ್ಲಿ ಕಂಬಿ ಬೇಕೇ ಬೇಕು. ಸಿಂಕಿನ ಒಳಗಿನ ಅಚ್ಚು ಬಾಯಿಗಿಂತ ತಳದಲ್ಲಿ ಸ್ವಲ್ಪ ಕಿರಿದಾಗಿರಲಿ. ಇಲ್ಲದಿದ್ದರೆ ಕಾಂಕ್ರೀಟ್ ಒಣಗುತ್ತಾ ಕುಗ್ಗಿ ಅಚ್ಚನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಆಮೇಲೆ ಹೊಡೆದು ತೆಗೆಯಲು ಹೋದರೆ ಮೂಲೆ ಒಡೆದುಹೋಗುತ್ತದೆ. ತಳಕ್ಕೆ ನೀರು ಹೋಗುವ ತೂತಿನ ಕಡೆ ಇಳಿಜಾರನ್ನೂ ಅಚ್ಚಿನಲ್ಲೇ ಕೊಡಿ.

ಎಲ್ಲಕ್ಕಿಂತ ದೊಡ್ಡ ವಿಷಯ ಹುಳಿ. ಗಟ್ಟಿಯಾದ ಸಿಮೆಂಟಿನಲ್ಲಿ ಸುಣ್ಣದ ಅಂಶ ಇರುತ್ತದೆ. ಹುಣಸೆರಸ, ನಿಂಬೆಹಣ್ಣು ಬಿದ್ದು ಹಾಗೇ ಉಳಿದರೆ ಮೇಲ್ಮೈಯನ್ನು ತಿಂದು ಬಿಳಿ ಮಚ್ಚೆ ಮಾಡುತ್ತದೆ, ಅರಿಶಿನದ ಕಲೆಯಂತೂ ಒಳಕ್ಕೇ ಇಳಿಯುತ್ತದೆ. ನಮ್ಮ ಅಡುಗೆಮನೆಯಲ್ಲಿ ಇವಿಲ್ಲದ ದಿನವೇ ಇಲ್ಲ! ಒಳ್ಳೆ ಸೀಲರ್ (ನೀರು, ಕಲೆ ಒಳಕ್ಕೆ ಇಳಿಯದಂತೆ ತಡೆಯುವ ಲೇಪ) ಹಚ್ಚಲೇಬೇಕು, ಸವೆದಂತೆ ಮತ್ತೆ ಹಚ್ಚಬೇಕು, ಅದರ ಮೇಲೆ ಬಿಸಿ ಕುಕ್ಕರ್ ನೇರವಾಗಿ ಇಡಬಾರದು. ನೀವು ಯಾವ ಸೀಲರ್ ಹಾಕಿದಿರಿ, ಈಗ ಸಿಂಕಿನ ತಳ ಹೇಗಿದೆ ಅನ್ನುವುದನ್ನೂ ದಯವಿಟ್ಟು ಬರೆಯಿರಿ.